ನಂಬರು ಒಂದೇ, ಪಾದ ಬೇರೆ: ಸೈಕಲ್ ಬೂಟಿನ ವ್ಯಾಪಾರದಲ್ಲಿ ಅಗಲದ ಅಳತೆ

ಪಾದರಕ್ಷೆಯ ಅಂಗಡಿಗೆ ಬಂದ ಗ್ರಾಹಕನನ್ನು ಮೊದಲು ಕೇಳುವ ಪ್ರಶ್ನೆ "ನಂಬರು ಎಷ್ಟು?" ಎಂಬುದು. ಬಹುತೇಕ ಅಂಗಡಿಗಳಲ್ಲಿ ಅದೇ ಕೊನೆಯ ಪ್ರಶ್ನೆಯೂ ಹೌದು. ನಂಬರು ಪಾದದ ಉದ್ದವನ್ನು ತಿಳಿಸುತ್ತದೆಯೇ ಹೊರತು ಅಗಲವನ್ನಲ್ಲ. ಚಪ್ಪಲಿಯ ವ್ಯಾಪಾರಕ್ಕೆ ಇಷ್ಟು ತಿಳಿದರೆ ಸಾಕು. ಪಟ್ಟಿ ಸಡಿಲಗೊಳ್ಳುತ್ತದೆ, ಚರ್ಮ ಹಿಗ್ಗುತ್ತದೆ, ಕಿರುಬೆರಳು ಅಂಚಿನಿಂದ ಹೊರಗೆ ಇಣುಕಿದರೂ ಯಾರೂ ದೂರುವುದಿಲ್ಲ. ಆದರೆ ರಸ್ತೆ ಸೈಕಲ್ ಸವಾರಿಗೆಂದು ತಯಾರಾದ ಬೂಟಿನ ವಿಷಯ ಹಾಗಲ್ಲ. ಅದರ ಅಟ್ಟೆ ಬಾಗುವುದಿಲ್ಲ, ಮೇಲ್ಭಾಗ ಹಿಗ್ಗುವುದಿಲ್ಲ, ಅಡಿಯಲ್ಲಿ ಬಿಗಿದ ಕ್ಲೀಟ್ ಪಾದವನ್ನು ಪೆಡಲಿಗೆ ಕಟ್ಟಿಹಾಕುತ್ತದೆ. ಅಗಲವನ್ನು ಅಳೆಯದೆ ಇಂತಹ ಬೂಟನ್ನು ಮಾರುವ ವರ್ತಕ ಒಂದು ಜೊತೆಯ ಲಾಭ ಗಳಿಸಿ, ಗ್ರಾಹಕನನ್ನು ಕಳೆದುಕೊಳ್ಳುತ್ತಾನೆ.

ಭಟ್ಕಳ ತಾಲೂಕಿನ ಬೆಳಕೆಯಂತಹ ಹಳ್ಳಿಯಿಂದ ಹೊನ್ನಾವರ, ಕುಮಟಾಗಳವರೆಗಿನ ಕರಾವಳಿಯ ವರ್ತಕರಿಗೆ ಈ ವಿಷಯ ದೂರದ್ದೆಂದು ತೋರಬಹುದು. ಆದರೆ ಬೇಡಿಕೆಯ ಬೀಜ ಇಲ್ಲಿಯೇ ಇದೆ. ರಾಷ್ಟ್ರೀಯ ಹೆದ್ದಾರಿ 66 ಮೂರೂ ತಾಲೂಕುಗಳನ್ನು ಹಾದುಹೋಗುತ್ತದೆ. ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಜೋಗಕ್ಕೂ, ಕುಮಟಾದಿಂದ ದೇವಿಮನೆ ಘಟ್ಟದ ಮೂಲಕ ಶಿರಸಿಗೂ ತಲಾ ಸುಮಾರು 60 ಕಿ.ಮೀ. ಏರುಹಾದಿ, ಗೇರು ಇರುವ ಸೈಕಲ್ ಹೊಂದಿದವರಿಗೆ ಇದಕ್ಕಿಂತ ಉತ್ತಮ ಸವಾರಿ ಬೇರೆ ಬೇಕಿಲ್ಲ. ರಾಜ್ಯ ಸರಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡತೊಡಗಿದಾಗ ಅವನ್ನು ತುಳಿದವರು ಇಂದು ದುಡಿಯುವ ವಯಸ್ಸಿನವರು. ಬ್ರೆವೆ ಎಂಬ ದೂರ ಸವಾರಿಗಳು ರಾಜ್ಯದಲ್ಲಿ ನೆಲೆಯೂರಿವೆ, 200 ಕಿ.ಮೀ. ಬ್ರೆವೆಗೆ ಹದಿಮೂರೂವರೆ ಗಂಟೆ, 300 ಕಿ.ಮೀ.ಗೆ 20 ಗಂಟೆ, 600 ಕಿ.ಮೀ.ಗೆ 40 ಗಂಟೆಗಳ ಕಾಲಮಿತಿ. ನಿಮಿಷಕ್ಕೆ 70 ಬಾರಿ ತುಳಿಯುವ ಸವಾರನ ಒಂದೊಂದು ಪಾದವೂ ಗಂಟೆಗೆ 4,200 ಬಾರಿ ಪೆಡಲನ್ನು ಒತ್ತುತ್ತದೆ. ಅರ್ಧ ದಿನದ ಸವಾರಿಯಲ್ಲಿ ಬೂಟಿನ ಇಕ್ಕಟ್ಟು ಸಣ್ಣ ಸಂಗತಿಯಾಗಿ ಉಳಿಯುವುದಿಲ್ಲ.

ಅಗಲ ಪಾದವೇ ಸಾಮಾನ್ಯ

ಅಗಲವಾದ ಪಾದವನ್ನು ವ್ಯಾಪಾರಿಗಳು ಒಂದು ಅಪವಾದವೆಂದು ಕಾಣುವುದುಂಟು. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ಸಮೀಕ್ಷೆಯಲ್ಲಿ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ 1,01,880 ಜನರ ಪಾದಗಳನ್ನು ಮೂರು ಆಯಾಮಗಳ ಸ್ಕ್ಯಾನರುಗಳಿಂದ ಅಳೆಯಲಾಯಿತು. ಭಾರತೀಯರ ಪಾದ ಐರೋಪ್ಯರ ಹಾಗೂ ಅಮೆರಿಕನ್ನರ ಪಾದಗಳಿಗಿಂತ ಅಗಲವೆಂಬುದು ಅದರಿಂದ ಕಂಡುಬಂದಿತು. ಪರದೇಶದ ಅಳತೆಯ ಪಾದರಕ್ಷೆಯನ್ನು ಧರಿಸುವವರು ಅಗಲ ಸಾಲದೆ ಅಗತ್ಯಕ್ಕಿಂತ ಉದ್ದನೆಯದನ್ನು ಕೊಳ್ಳುತ್ತಿದ್ದಾರೆಂಬುದೂ ಬೆಳಕಿಗೆ ಬಂದಿತು. 'ಭಾ' ಎಂಬ ಹೆಸರಿನಲ್ಲಿ ಎಂಟು ಗುಂಪುಗಳ ಭಾರತೀಯ ಅಳತೆಯ ಪ್ರಸ್ತಾವ 2024ರಲ್ಲಿ ಸುದ್ದಿಯಾದದ್ದು ಈ ಸಮೀಕ್ಷೆಯ ಫಲವಾಗಿ.

ಪಾದ ಅಗಲವಾಗುವುದಕ್ಕೆ ಜೀವನಕ್ರಮವೂ ಒಂದು ಕಾರಣ. ಭಾರತದಲ್ಲಿ ಬರಿಗಾಲಿನಲ್ಲಿ ನಡೆಯುವವರು, ಇಲ್ಲಿಯೇ ಪಾದರಕ್ಷೆ ಧರಿಸುವವರು ಹಾಗೂ ಪಾಶ್ಚಾತ್ಯರು, ಈ ಮೂರು ಗುಂಪುಗಳನ್ನು ಹೋಲಿಸಿದ ಒಂದು ಅಧ್ಯಯನ 2009ರಲ್ಲಿ 'ಫುಟ್‌ವೇರ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬರಿಗಾಲಿನವರ ಮುಂಪಾದ ಹೆಚ್ಚು ಅಗಲವೆಂದೂ, ಅವರ ಅಂಗಾಲಿನ ಮೇಲೆ ಒತ್ತಡ ಹೆಚ್ಚು ಸಮನಾಗಿ ಹಂಚಿಕೆಯಾಗುತ್ತದೆಂದೂ ಅದು ತಿಳಿಸಿತು. ಉತ್ತರ ಕನ್ನಡಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಕೋಲಾ ತಾಲೂಕಿನ ತುಳಸಿ ಗೌಡ ಅವರು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಲು ಬರಿಗಾಲಿನಲ್ಲಿಯೇ ನಡೆದುಹೋದದ್ದನ್ನು ದೇಶವೇ ಕಂಡಿದೆ. ಗದ್ದೆ, ತೋಟ, ಕಡಲದಂಡೆಗಳಲ್ಲಿ ಬರಿಗಾಲಿನಲ್ಲಿ ಬೆಳೆದವರ ಬೆರಳುಗಳು ಬಿಡಿಯಾಗಿ ಹರಡಿಕೊಂಡಿರುತ್ತವೆ. ಅದು ದೋಷವಲ್ಲ, ಆರೋಗ್ಯದ ಲಕ್ಷಣ. ದೋಷವಿರುವುದು ಆ ಪಾದವನ್ನು ಅಳೆಯದ ಅಂಗಡಿಯಲ್ಲಿ.

'ಒಂದು ನಂಬರು ದೊಡ್ಡದು ಕೊಡಿ'

ಬೂಟು ಬಿಗಿಯೆಂದು ಗ್ರಾಹಕ ಹೇಳಿದೊಡನೆ ಒಂದು ನಂಬರು ದೊಡ್ಡದನ್ನು ಮುಂದಿಡುವುದು ಎಲ್ಲೆಡೆ ರೂಢಿಯಲ್ಲಿರುವ ಪರಿಹಾರ. ಇದರ ಲೆಕ್ಕವನ್ನು ವರ್ತಕರು ಒಮ್ಮೆ ಹಾಕಿ ನೋಡಬೇಕು. ಇಂಗ್ಲಿಷ್ ಅಳತೆಯಲ್ಲಿ ಒಂದು ನಂಬರೆಂದರೆ ಇಂಚಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ.; ಸೈಕಲ್ ಬೂಟುಗಳ ಮೇಲೆ ಕಾಣುವ 41, 42, 43 ಮೊದಲಾದ ಐರೋಪ್ಯ ನಂಬರುಗಳಲ್ಲಿ ಒಂದೊಂದರ ಅಂತರ ಸುಮಾರು 6.7 ಮಿ.ಮೀ. ಒಂದು ಇಂಗ್ಲಿಷ್ ನಂಬರು ಏರಿಸಿದಾಗ ಉದ್ದ 8.5 ಮಿ.ಮೀ. ಹೆಚ್ಚಿದರೂ ಅಟ್ಟೆಯ ಅಗಲ ಹೆಚ್ಚುವುದು ಎರಡು-ಮೂರು ಮಿ.ಮೀ. ಮಾತ್ರ. ಎಂಟು ಮಿ.ಮೀ. ಅಗಲ ಸಾಲದ ಗ್ರಾಹಕನಿಗೆ ಈ ದಾರಿಯಲ್ಲಿ ಅಗಲ ಒದಗಿಸಬೇಕಾದರೆ ಮೂರು ನಂಬರು ಏರಿಸಬೇಕಾಗುತ್ತದೆ. ಬೆರಳುಗಳ ಮುಂದೆ ಒಂದು ಇಂಚು ಜಾಗ ಖಾಲಿ ಉಳಿಯುತ್ತದೆ.

ನಡೆಯುವ ಬೂಟಿನಲ್ಲಿ ಇದರಿಂದ ಆಗುವುದು ಕೊಂಚ ಮುಜುಗರ ಮಾತ್ರ. ಸೈಕಲ್ ಬೂಟಿನಲ್ಲಿ ಇದು ತಪ್ಪಾದ ಜೋಡಣೆಯಾಗುತ್ತದೆ. ಕ್ಲೀಟ್ ಬಿಗಿಯುವ ರಂಧ್ರಗಳು ಬೂಟಿನ ಉದ್ದಕ್ಕೆ ಅನುಗುಣವಾಗಿ ಇರುತ್ತವೆಯಾದ್ದರಿಂದ, ಉದ್ದನೆಯ ಬೂಟಿನಲ್ಲಿ ಕ್ಲೀಟ್ ಹೆಬ್ಬೆರಳ ಬುಡದ ಉಬ್ಬಿನ ಕೆಳಗೆ ಬರದೆ ಬೆರಳುಗಳ ಕಡೆಗೆ ಸರಿಯುತ್ತದೆ. ಹಿಮ್ಮಡಿ ಪ್ರತಿ ತುಳಿತಕ್ಕೂ ಮೇಲೇಳುತ್ತದೆ. ಮೀನಖಂಡದ ಮೇಲೆ ಭಾರ ಹೆಚ್ಚುತ್ತದೆ. ಬೂಟಿನ ಅತ್ಯಂತ ಅಗಲವಾದ ಭಾಗವೂ ಪಾದದ ಅತ್ಯಂತ ಅಗಲವಾದ ಭಾಗವೂ ಒಂದೆಡೆ ಸೇರುವುದಿಲ್ಲ. ಇನ್ನು ಇಕ್ಕಟ್ಟಾದ ಬೂಟನ್ನೇ ಸಹಿಸಿಕೊಂಡವನಿಗೆ ಅಂಗಾಲು ಉರಿಯುತ್ತದೆ, ಬೆರಳುಗಳು ಜೋಮು ಹಿಡಿಯುತ್ತವೆ. ಎರಡು ತಿಂಗಳಲ್ಲಿ ಆ ಬೂಟು ಮನೆಯ ಮೂಲೆ ಸೇರುತ್ತದೆ. ಗ್ರಾಹಕ ದೂರುವುದು ತನ್ನ ಪಾದವನ್ನಲ್ಲ, ಅಂಗಡಿಯನ್ನು.

ಅಳೆಯುವ ಬಗೆ

ಅಗಲ ಅಳೆಯುವ ವಿದ್ಯೆ ಹೊಸದಲ್ಲ. ಉದ್ದ, ಅಗಲ ಎರಡನ್ನೂ ಏಕಕಾಲಕ್ಕೆ ತೋರಿಸುವ ಬ್ರಾನಾಕ್ ಅಳತೆಗೋಲು ಅಮೆರಿಕದಲ್ಲಿ 1920ರ ದಶಕದಲ್ಲಿಯೇ ಬಂದಿತು. ಪಾದದ ಉದ್ದವನ್ನೂ ಅಗಲವನ್ನೂ ಮಿ.ಮೀ.ಗಳಲ್ಲಿ ನಮೂದಿಸುವ ಮಾಂಡೊಪಾಯಿಂಟ್ ಪದ್ಧತಿಗೆ ಐಎಸ್‌ಒ 9407 ಎಂಬ ಅಂತಾರಾಷ್ಟ್ರೀಯ ಮಾನಕವಿದೆ. ಅಗಲ ಸೂಚಿಸುವ ಅಕ್ಷರಗಳೂ ಬಳಕೆಯಲ್ಲಿವೆ: ಅಮೆರಿಕದ ಪದ್ಧತಿಯಲ್ಲಿ ಪುರುಷರಿಗೆ 'ಡಿ', ಮಹಿಳೆಯರಿಗೆ 'ಬಿ' ಸಾಮಾನ್ಯ ಅಗಲ; 'ಇ', 'ಇಇ' ಎಂದು ಅಕ್ಷರ ಏರಿದಂತೆ ಅಗಲವೂ ಏರುತ್ತದೆ. ಆದರೆ ಒಂದು ಕಂಪನಿಯ 'ಇ' ಇನ್ನೊಂದರ 'ಇ'ಗೆ ಸಮವಾಗಿರಲೇಬೇಕೆಂದಿಲ್ಲ. ಆದಕಾರಣ ಅಕ್ಷರವನ್ನು ನಂಬುವುದಕ್ಕಿಂತ ಮಿ.ಮೀ.ಗಳನ್ನು ನಂಬುವುದು ಲೇಸು.

ಅಂಗಡಿಯಲ್ಲಿ ಬೇಕಾದದ್ದು ಒಂದು ಹಾಳೆ, ಪೆನ್ಸಿಲು, ಅಳತೆಪಟ್ಟಿ ಮತ್ತು ಐದು ನಿಮಿಷದ ತಾಳ್ಮೆ. ಪಾದ ದಿನವಿಡೀ ಕೊಂಚ ಊದಿಕೊಳ್ಳುವುದರಿಂದ ಸಂಜೆಯ ಹೊತ್ತು ಅಳೆಯುವುದು ಉಚಿತ. ಸವಾರಿಯ ಕಾಲುಚೀಲ ಧರಿಸಿ, ಎರಡೂ ಕಾಲುಗಳ ಮೇಲೆ ಸಮನಾಗಿ ಭಾರ ಬಿಟ್ಟು ಗ್ರಾಹಕ ನಿಂತಿರಬೇಕು. ಕುಳಿತ ಪಾದ ನಿಂತ ಪಾದಕ್ಕಿಂತ ಕಿರಿದು. ಪೆನ್ಸಿಲನ್ನು ನೇರವಾಗಿ ಹಿಡಿದು ಪಾದದ ಸುತ್ತ ಗೆರೆ ಎಳೆದು, ಹಿಮ್ಮಡಿಯಿಂದ ಅತ್ಯಂತ ಉದ್ದನೆಯ ಬೆರಳಿನವರೆಗಿನ ಉದ್ದವನ್ನೂ, ಹೆಬ್ಬೆರಳು ಮತ್ತು ಕಿರುಬೆರಳುಗಳ ಬುಡದ ಉಬ್ಬುಗಳ ನಡುವಿನ ಅಗಲವನ್ನೂ ಬರೆದಿಡಬೇಕು. ಅದೇ ಜಾಗದಲ್ಲಿ ಟೇಪಿನಿಂದ ಸುತ್ತಳತೆಯನ್ನೂ ತೆಗೆಯಬೇಕು. ಎರಡು ಪಾದಗಳು ಸಮನಾಗಿರುವುದು ಅಪರೂಪ. ದೊಡ್ಡ ಪಾದಕ್ಕೆ ಬೂಟು ಕೊಡಬೇಕು. ಉದಾಹರಣೆಗೆ, 26 ಸೆಂ.ಮೀ. ಉದ್ದದ ಪಾದವುಳ್ಳ ಇಬ್ಬರಲ್ಲಿ ಒಬ್ಬನ ಅಗಲ 98 ಮಿ.ಮೀ., ಇನ್ನೊಬ್ಬನದು 106 ಮಿ.ಮೀ. ಇದ್ದರೆ ಅವರಿಬ್ಬರ ನಂಬರು ಒಂದೇ; ಅವರಿಗೆ ಬೇಕಾದ ಬೂಟು ಒಂದೇ ಅಲ್ಲ.

ಬೂಟನ್ನು ಪರೀಕ್ಷಿಸಲು ಇನ್ನೂ ಸರಳವಾದ ಉಪಾಯವಿದೆ. ಒಳಗಿನ ಮೆತ್ತೆಯನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಗ್ರಾಹಕನನ್ನು ನಿಲ್ಲಿಸಿದರೆ, ಪಾದ ಎರಡೂ ಬದಿಗೆ ಎಷ್ಟು ಹೊರಚಾಚುತ್ತದೆಂಬುದು ಕಣ್ಣಿಗೆ ಕಾಣುತ್ತದೆ. ಮೇಲ್ಭಾಗದ ಬಿಗಿತವನ್ನು ಪಟ್ಟಿ ಸಡಿಲಿಸಿ ಸರಿಪಡಿಸಬಹುದು. ಅಟ್ಟೆ ಕಿರಿದಾಗಿದ್ದರೆ ಮದ್ದಿಲ್ಲ. ಬಿಗಿಯುವ ವಿಧಾನಗಳ ಪೈಕಿ ಲೇಸು ಅಗಲ ಪಾದಕ್ಕೆ ಅನುಕೂಲ, ಏಕೆಂದರೆ ಮುಂಭಾಗವನ್ನು ಸಡಿಲವಾಗಿಯೂ ಹಿಂಭಾಗವನ್ನು ಬಿಗಿಯಾಗಿಯೂ ಕಟ್ಟಬಹುದು. ವೆಲ್‌ಕ್ರೋ ಪಟ್ಟಿಯ ಬೂಟುಗಳು ಅಗ್ಗ. ಮುಂಭಾಗದ ಪಟ್ಟಿ ಪೂರ್ತಿ ಸಡಿಲಿಸಿದಾಗಲೂ ಹಿಡಿತ ಉಳಿಯುವಷ್ಟು ಉದ್ದವಾಗಿದೆಯೇ ಎಂದು ನೋಡಬೇಕು. ತಿರುಗುಗುಂಡಿಯ ಬೂಟುಗಳು ಸೊಗಸಾಗಿವೆ, ಬೆಲೆಯೂ ಹಾಗೆಯೇ ಇದೆ. ಶಿಮಾನೊ ಮೊದಲಾದ ಕೆಲವು ಕಂಪನಿಗಳು ಕೆಲವು ಮಾದರಿಗಳನ್ನು 'ವೈಡ್' ಎಂಬ ಗುರುತಿನಡಿ ಪ್ರತ್ಯೇಕವಾಗಿಯೇ ತಯಾರಿಸುತ್ತವೆ. ಆರ್ಡರ್ ಮಾಡುವಾಗ ಆ ಗುರುತನ್ನು ಸ್ಪಷ್ಟವಾಗಿ ಕೇಳದಿದ್ದರೆ ಬರುವುದು ಸಾಮಾನ್ಯ ಅಗಲದ ಬೂಟು. ಅಗಲ ಪಾದದ ಮಹಿಳೆಯರಿಗೆ ಮಹಿಳಾ ಮಾದರಿಗಿಂತ ಅದೇ ಉದ್ದದ ಪುರುಷರ ಮಾದರಿ ಹಲವು ವೇಳೆ ಸರಿಹೊಂದುತ್ತದೆ.

ಪೆಡಲಿನ ಆಯ್ಕೆ

ಬೂಟನ್ನು ಪೆಡಲಿನಿಂದ ಬೇರ್ಪಡಿಸಿ ಮಾರಲಾಗದು. ಮೂರು ತಿರುಪಿನ ದೊಡ್ಡ ಕ್ಲೀಟ್ ಪದ್ಧತಿಯನ್ನು ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಮಾರುಕಟ್ಟೆಗೆ ತಂದಿತು. ಮರುವರ್ಷ ಬರ್ನಾರ್ಡ್ ಹಿನಾಲ್ಟ್ ಅದನ್ನು ಬಳಸಿಯೇ ಟೂರ್ ಡಿ ಫ್ರಾನ್ಸ್ ಗೆದ್ದರು. ಎರಡು ತಿರುಪಿನ ಸಣ್ಣ ಲೋಹದ ಕ್ಲೀಟ್‌ನ ಎಸ್‌ಪಿಡಿ ಪದ್ಧತಿಯನ್ನು ಜಪಾನಿನ ಶಿಮಾನೊ 1990ರಲ್ಲಿ ತಂದಿತು. ಸ್ಪರ್ಧೆಗೆ ಮೊದಲನೆಯದು ಹೆಸರಾದರೂ, ಕಡಿಮೆ ಖರ್ಚಿನಲ್ಲಿ ಆರಂಭಿಸುವ ಕರಾವಳಿಯ ಸವಾರನಿಗೆ ಎರಡನೆಯದೇ ಹಿತವೆಂದು ಹೇಳಬೇಕಾಗುತ್ತದೆ.

ಇದಕ್ಕೆ ಕಾರಣಗಳು ಹಲವು. ಎರಡು ತಿರುಪಿನ ಕ್ಲೀಟ್ ಅಟ್ಟೆಯ ಒಳಗೆ ತಗ್ಗಿನಲ್ಲಿ ಕೂರುವುದರಿಂದ ಇಳಿದು ನಡೆಯಬಹುದು. ಮೂರು ತಿರುಪಿನ ಪ್ಲಾಸ್ಟಿಕ್ ಕ್ಲೀಟ್ ಜಂಬಿಟ್ಟಿಗೆಯ ಅಂಗಳ, ಜಲ್ಲಿ ರಸ್ತೆಗಳಲ್ಲಿ ಬೇಗ ಸವೆದು ಮತ್ತೆ ಮತ್ತೆ ಖರ್ಚು ತರುತ್ತದೆ. ಈ ಪದ್ಧತಿಯ ಬೂಟುಗಳು ಪ್ರವಾಸಕ್ಕೂ ಗುಡ್ಡದ ಹಾದಿಗೂ ಆಗುವಂತೆ ತಯಾರಾಗುವುದರಿಂದ, ಸ್ಪರ್ಧೆಯ ಬೂಟುಗಳಿಗಿಂತ ಮುಂಭಾಗದಲ್ಲಿ ಹೆಚ್ಚು ಸ್ಥಳವಿರುವ ಮಾದರಿಗಳು ಇವುಗಳಲ್ಲಿ ಸುಲಭವಾಗಿ ದೊರೆಯುತ್ತವೆ. ಪೆಡಲಿನ ಎರಡೂ ಮುಖಗಳಲ್ಲಿ ಹಿಡಿತವಿರುವ ಮಾದರಿಯಾದರೆ ಹೆದ್ದಾರಿಯ ಸಂದಣಿಯಲ್ಲಿ ಕಾಲಿನಿಂದ ತಡಕಾಡಬೇಕಿಲ್ಲ. ಹೊಸಬರಿಗೆ ಶಿಮಾನೊದ ಎಸ್‌ಎಚ್‌56 ಎಂಬ, ಹಲವು ದಿಕ್ಕುಗಳಲ್ಲಿ ಬಿಡಿಸಿಕೊಳ್ಳಬಹುದಾದ ಕ್ಲೀಟ್ ಕೊಟ್ಟು, ಸ್ಪ್ರಿಂಗಿನ ಬಿಗಿತವನ್ನು ಕನಿಷ್ಠಕ್ಕೆ ಇಳಿಸಿ ಕಳುಹಿಸುವುದು ವರ್ತಕನ ಕರ್ತವ್ಯ. ಲಾರಿಗಳ ಪಕ್ಕದಲ್ಲಿ ಕಾಲು ಬಿಡಿಸಲಾಗದೆ ಬೀಳುವುದು ಜೀವದ ಪ್ರಶ್ನೆ.

ಮೂರು ತಿರುಪಿನ ಪದ್ಧತಿಯನ್ನೇ ಬಯಸುವವರಿಗೆ ಕ್ಲೀಟ್‌ನ ಬಣ್ಣದ ಅರ್ಥ ತಿಳಿಸಬೇಕು. ಶಿಮಾನೊದಲ್ಲಿ ಕೆಂಪು ಬಣ್ಣದ್ದು ಪಾದಕ್ಕೆ ಅಲುಗಾಟ ಕೊಡುವುದಿಲ್ಲ, ನೀಲಿಯದು 2 ಡಿಗ್ರಿ, ಹಳದಿಯದು 6 ಡಿಗ್ರಿ ಅಲುಗಾಟ ಕೊಡುತ್ತದೆ. ಆರಂಭಿಸುವವರ ಮೊಣಕಾಲಿಗೆ ಹಳದಿ ಸುರಕ್ಷಿತ.

ಅಗಲ ಪಾದದವರ ಇನ್ನೊಂದು ತೊಡಕೆಂದರೆ ಬೂಟಿನ ಒಳಬದಿ ಕ್ರ್ಯಾಂಕಿಗೆ ಉಜ್ಜುವುದು. ಕ್ಲೀಟನ್ನು ಬೂಟಿನ ಒಳಬದಿಗೆ ಸರಿಸಿ ಬಿಗಿದರೆ ಪಾದ ಕ್ರ್ಯಾಂಕಿನಿಂದ ದೂರ ಸರಿಯುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ. ಅದೂ ಸಾಲದಿದ್ದರೆ ಪೆಡಲಿನ ಅಚ್ಚುಕಡ್ಡಿಗೆ ತೆಳುವಾದ ವಾಷರ್ ಹಾಕಬಹುದು, ಆದರೆ ಮರೆ ಸಾಕಷ್ಟು ಒಳಸೇರಿದೆಯೇ ಎಂದು ನೋಡಲೇಬೇಕು. ಶಿಮಾನೊದ ಅಲ್ಟೆಗ್ರಾ, ಡ್ಯುರಾಏಸ್ ಪೆಡಲುಗಳಲ್ಲಿ 4 ಮಿ.ಮೀ. ಉದ್ದನೆಯ ಅಚ್ಚುಕಡ್ಡಿಯ ಮಾದರಿಗಳು ಬಂದಿವೆಯಾದರೂ ಅವು ಅಗ್ಗದವಲ್ಲ. ಹಳೆಯ ರೀತಿಯ ಲೋಹದ ಟೋ-ಕ್ಲಿಪ್ ಪಂಜರವನ್ನು ಅಗಲ ಪಾದದವರಿಗೆ ಮಾರದಿರುವುದೇ ಒಳಿತು; ಅದು ಬೆರಳುಗಳನ್ನು ಇಕ್ಕೆಡೆಗಳಿಂದ ಒತ್ತುತ್ತದೆ.

ಇಷ್ಟೆಲ್ಲದರ ನಡುವೆ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ದಿನಕ್ಕೆ ಐದಾರು ಕಿ.ಮೀ. ಓಡಾಡುವ ವಿದ್ಯಾರ್ಥಿಗೋ, ಮೀನು ಮಾರುವವರಿಗೋ ಕ್ಲೀಟ್‌ನ ಅಗತ್ಯವೇ ಇಲ್ಲ. ಅಗಲವಾದ ಚಪ್ಪಟೆ ಪೆಡಲು, ಜಾರದ ಗಟ್ಟಿ ಅಟ್ಟೆಯ ಅಗಲ ಬೂಟು ಇದ್ದರೆ ಧಾರಾಳವಾಯಿತು. ಬೇಡದ್ದನ್ನು ಮಾರದ ಅಂಗಡಿಯ ಮಾತಿಗೆ, ಬೇಕಾದದ್ದನ್ನು ಮಾರುವ ದಿನ ಬೆಲೆ ಬರುತ್ತದೆ.

ಬೆಲೆ ಮತ್ತು ತೆರಿಗೆ

ತೆರಿಗೆಯ ಲೆಕ್ಕವೂ ಅಗ್ಗದ ಮಾಲಿನ ಪರವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳ ಪ್ರಕಾರ, ಜೊತೆಗೆ ₹2,500 ಮೀರದ ಪಾದರಕ್ಷೆಗೆ ಶೇ. 5, ಮೀರಿದ್ದಕ್ಕೆ ಶೇ. 18 ತೆರಿಗೆ. ಸೈಕಲ್ ಹಾಗೂ ಅದರ ಬಿಡಿಭಾಗಗಳ ತೆರಿಗೆ ಶೇ. 12ರಿಂದ 5ಕ್ಕೆ ಇಳಿದಿದೆ. ಪೆಡಲು ಈ ಬಿಡಿಭಾಗಗಳಲ್ಲಿ ಸೇರುತ್ತದೆ. ತೆರಿಗೆಗೆ ಮುನ್ನ ₹2,400 ಬೆಲೆಯ ಬೂಟು ಗ್ರಾಹಕನ ಕೈಸೇರುವಾಗ ₹2,520 ಆಗುತ್ತದೆ; ₹2,600 ಬೆಲೆಯದು ₹3,068 ಆಗುತ್ತದೆ. ಮೂಲ ಬೆಲೆಯಲ್ಲಿ ₹200 ಇದ್ದ ಅಂತರ ಗ್ರಾಹಕನಿಗೆ ₹548 ಆಗಿ ತಲುಪುತ್ತದೆ. ಆದಕಾರಣ ₹2,500ರ ಒಳಗಿನ, ಎರಡು ತಿರುಪಿನ, ಅಗಲ ಮಾದರಿಯ ಬೂಟನ್ನು ಹುಡುಕಿ ತರಿಸುವ ವರ್ತಕನಿಗೆ ಸ್ಪರ್ಧೆಯಲ್ಲಿ ಮೇಲುಗೈ ಇದೆ. ಹೊಸ ಪೆಡಲಿನ ಜೊತೆ ಸಾಮಾನ್ಯವಾಗಿ ಕ್ಲೀಟ್ ಬರುತ್ತದೆ, ಬೂಟಿನ ಜೊತೆ ಬರುವುದಿಲ್ಲ ಎಂಬುದನ್ನು ಗ್ರಾಹಕನಿಗೆ ಮೊದಲೇ ತಿಳಿಸಿದರೆ ಅನಗತ್ಯ ಖರೀದಿ ತಪ್ಪುತ್ತದೆ. ಉಪ್ಪುಗಾಳಿ ಮತ್ತು ಮಳೆಗಾಲದ ಈ ಸೀಮೆಯಲ್ಲಿ ಕ್ಲೀಟ್‌ನ ತಿರುಪುಗಳಿಗೂ ಪೆಡಲಿನ ಮರೆಗಳಿಗೂ ಗ್ರೀಸ್ ಹಚ್ಚಿಕೊಡುವುದು ಅಂಗಡಿಯ ಸೇವೆಯ ಭಾಗವಾಗಬೇಕು. ತುಕ್ಕು ಹಿಡಿದ ತಿರುಪನ್ನು ತೆಗೆಯುವ ಶ್ರಮ ತಿಳಿದವರಿಗೇ ಗೊತ್ತು.

ಆಕ್ಷೇಪಗಳಿಗೆ ಉತ್ತರ

ಇಷ್ಟು ಸಣ್ಣ ಬೇಡಿಕೆಗೆ ಯಾರು ಮಾಲು ಇಡುತ್ತಾರೆ ಎಂಬ ಆಕ್ಷೇಪ ಸಹಜ. ಒಬ್ಬೊಬ್ಬ ವರ್ತಕನೂ ಎಲ್ಲ ನಂಬರು, ಎಲ್ಲ ಅಗಲಗಳನ್ನು ತುಂಬಿಡಬೇಕಾಗಿಲ್ಲ. ಭಟ್ಕಳ, ಹೊನ್ನಾವರ, ಕುಮಟಾಗಳ ಸೈಕಲ್ ಮತ್ತು ಪಾದರಕ್ಷೆ ವರ್ತಕರು ಒಂದಾಗಿ, ತೊಟ್ಟು ನೋಡುವುದಕ್ಕೆಂದೇ ಪ್ರತಿ ನಂಬರಿನ ಒಂದೊಂದು ಜೊತೆಯನ್ನು ಸಾಮೂಹಿಕವಾಗಿ ಇಟ್ಟುಕೊಂಡು, ಅಳತೆಯ ಮೇರೆಗೆ ಆರ್ಡರ್ ಪಡೆಯಬಹುದು. ಆನ್‌ಲೈನ್ ಮಾರಾಟಗಾರರ ಬೆಲೆಗೆ ಸರಿಗಟ್ಟಲಾಗದೆಂಬುದು ಎರಡನೆಯ ಆಕ್ಷೇಪ. ಆದರೆ ದೂರದ ಗೋದಾಮು ಪಾದವನ್ನು ಅಳೆಯಲಾರದು, ಕ್ಲೀಟನ್ನು ಬಿಗಿದುಕೊಡಲಾರದು. ಅಳತೆಯೇ ಸ್ಥಳೀಯ ಅಂಗಡಿಯ ಬಂಡವಾಳ. ಒಮ್ಮೆ ಬರೆದಿಟ್ಟ ಅಳತೆಯ ಚೀಟಿ ಆ ಮನೆಯ ಶಾಲಾ ಬೂಟಿಗೂ, ಕಾರ್ಖಾನೆಯ ಸುರಕ್ಷಾ ಬೂಟಿಗೂ ಉಪಯೋಗಕ್ಕೆ ಬರುತ್ತದೆ. ಸೈಕಲ್ ಬೂಟು ಕಲಿಸಿದ ಶಿಸ್ತು ಇಡೀ ಪಾದರಕ್ಷೆ ವ್ಯಾಪಾರಕ್ಕೆ ಲಾಭ ತರುತ್ತದೆ.

ಸಣ್ಣ ತಯಾರಕರಿಗೂ ಇಲ್ಲಿ ಅವಕಾಶವಿದೆ. ಅಥಣಿ, ನಿಪ್ಪಾಣಿಗಳ ಸೀಮೆಯ ಕುಶಲಕರ್ಮಿಗಳು ಪಾದದ ಅಗಲವನ್ನು ತಲೆಮಾರುಗಳಿಂದ ಬಲ್ಲವರು. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. ಇವುಗಳಲ್ಲಿ ಬಾಗಲಕೋಟೆ, ವಿಜಯಪುರಗಳು ರಾಜ್ಯದ ಸೈಕಲ್ ಸ್ಪರ್ಧಿಗಳ ತವರೂ ಆಗಿರುವುದು ಗಮನಾರ್ಹ. 1980ರ ದಶಕಕ್ಕೆ ಮುನ್ನ ಐರೋಪ್ಯ ಸ್ಪರ್ಧಿಗಳು ಧರಿಸುತ್ತಿದ್ದುದೂ ಲೇಸು ಕಟ್ಟುವ ಚರ್ಮದ ಬೂಟನ್ನೇ. ಅಗಲವಾದ ಪಾದದ ಅಚ್ಚಿನ ಮೇಲೆ ಹೊಲಿದ, ಬಾಗದ ಅಟ್ಟೆಯ, ಚಪ್ಪಟೆ ಪೆಡಲಿಗೆ ಒಪ್ಪುವ ಚರ್ಮದ ಬೂಟು ಮೊದಲ ಹೆಜ್ಜೆಯಾಗಬಹುದು. ಎರಡು ತಿರುಪಿನ ತಟ್ಟೆಯನ್ನು ಕೂರಿಸುವುದು ಎರಡನೆಯದು. ಲಿಡ್ಕರ್‌ನಂತಹ ಸರಕಾರಿ ನಿಗಮ, ಚೆನ್ನೈನ ಚರ್ಮ ಸಂಶೋಧನಾ ಸಂಸ್ಥೆಗಳ ತರಬೇತಿ ಹಾಗೂ ಅಳತೆಯ ಮಾಹಿತಿಯನ್ನು ಇಂತಹ ಪ್ರಯತ್ನಕ್ಕೆ ಜೋಡಿಸುವ ಹೊಣೆಯನ್ನು ವಾಣಿಜ್ಯ ಸಂಘಗಳು ವಹಿಸಿಕೊಳ್ಳಬೇಕು.

ಮಾರುಕಟ್ಟೆಗೆ ಬಂದ ಬೂಟಿಗೆ ಪಾದವನ್ನು ಹೊಂದಿಸಿಕೊಳ್ಳುವಂತೆ ಗ್ರಾಹಕನಿಗೆ ಹೇಳುವ ಕಾಲ ಮುಗಿಯುತ್ತಿದೆ. ಪಾದಕ್ಕೆ ಬೂಟನ್ನು ಹೊಂದಿಸುವ ಕೆಲಸಕ್ಕೆ ಮೊದಲು ಬೇಕಾದದ್ದು ಹೆಚ್ಚಿನ ಬಂಡವಾಳವಲ್ಲ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಅಳತೆಪಟ್ಟಿ. "ನಂಬರು ಎಷ್ಟು?" ಎಂದು ಕೇಳಿದ ಬಳಿಕ "ಅಗಲ ನೋಡೋಣ, ಪಾದ ಇಡಿ" ಎನ್ನುವ ಅಂಗಡಿಗೆ ಗ್ರಾಹಕ ಮತ್ತೆ ಬರುತ್ತಾನೆ, ಬರುವಾಗ ಇನ್ನೊಬ್ಬ ಸವಾರನನ್ನೂ ಕರೆತರುತ್ತಾನೆ.